ಬೀಡಿಯ ಲೆಕ್ಕ ಮನೆಯಲ್ಲೂ ಇರಲಿ



ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಫೀಸು, ಮನೆಗೆ ಹೊದೆಸಿದ ಹಂಚು, ಮಗಳ ಮದುವೆಯ ಚಿನ್ನ ಬಂದದ್ದು ಅಮ್ಮನ ಮಡಿಲಲ್ಲಿದ್ದ ಬೀಡಿ ಗೆರಸೆಯಿಂದ. ಈಗ ಆ ಕೆಲಸ ಹಿಂದಿನಷ್ಟಿಲ್ಲ. ಆದರೂ ಕಟ್ಟುವ ಕೈಗಳು ಇನ್ನೂ ಇವೆ. ತಂಬಾಕಿನ ಕೆಡುಕು ನಮಗೆಲ್ಲ ಗೊತ್ತೇ ಇದೆ, ಅದನ್ನು ಇನ್ನೊಮ್ಮೆ ಮಾತಾಡೋಣ. ಈ ತಿಂಗಳು ಕೂಲಿಯ ಲೆಕ್ಕದ ಮಾತು.

ದಿನಗೂಲಿಯವರಿಗೆ ದಿನದ ಲೆಕ್ಕ. ಬೀಡಿ ಕಟ್ಟುವವರಿಗೆ 1000 ಬೀಡಿಗೆ ಇಷ್ಟು ಎಂಬ ಲೆಕ್ಕ. ಎಲೆ ನೆನೆಸಿದ್ದಕ್ಕೆ, ಕತ್ತರಿಸಿದ್ದಕ್ಕೆ, ಬ್ರಾಂಚಿಗೆ ನಡೆದದ್ದಕ್ಕೆ, ಅಲ್ಲಿ ಸಾಲಿನಲ್ಲಿ ಕಾದದ್ದಕ್ಕೆ ಬೇರೆ ಕೂಲಿ ಇಲ್ಲ. ಆದ್ದರಿಂದ ಇಲ್ಲಿ ಎಣಿಕೆಯೇ ಕೂಲಿ.

ಒಂದು ಉದಾಹರಣೆ ನೋಡೋಣ. ಲೆಕ್ಕ ಸುಲಭವಾಗಲೆಂದು 1000ಕ್ಕೆ 200 ರೂಪಾಯಿ ಎಂದು ಇಟ್ಟುಕೊಳ್ಳೋಣ. ದಿನಕ್ಕೆ 700ರಂತೆ ಆರು ದಿನಕ್ಕೆ 4200 ಬೀಡಿ, ಕೂಲಿ 840 ರೂಪಾಯಿ. ದಿನಕ್ಕೆ 60 ಬೀಡಿ ಸರಿಯಿಲ್ಲವೆಂದು ತೆಗೆದು ಹಾಕಿ ಕೂಲಿ ಕೊಡದಿದ್ದರೆ ವಾರಕ್ಕೆ 72 ರೂಪಾಯಿ ಹೋಯಿತು. ಕೊಟ್ಟ ಎಲೆ ಸಾಲದೆ 40 ರೂಪಾಯಿಯ ಎಲೆ ಕೈಯಿಂದ ಕೊಂಡರೆ ಉಳಿದದ್ದು 728. ವಾರಕ್ಕೆ 112 ರೂಪಾಯಿ ಸಣ್ಣದೆನಿಸಬಹುದು. 52 ವಾರಕ್ಕೆ ಅದು 5824 ರೂಪಾಯಿ. ಪುಸ್ತಕದಲ್ಲಿ 'ಎಷ್ಟು ಕೊಟ್ಟರು' ಎಂದು ಮಾತ್ರ ಬರೆದಿದ್ದರೆ ಈ ಹಣ ಎಲ್ಲಿ ಹೋಯಿತೆಂದು ಯಾರಿಗೂ ಕಾಣುವುದಿಲ್ಲ.

ಇನ್ನೊಂದು ನಷ್ಟ ಹೆಸರಿನದು. ತಾಯಿ, ಸೊಸೆ, ಮಗಳು ಮೂವರೂ ಕಟ್ಟಿ ಒಂದೇ ಪುಸ್ತಕದಲ್ಲಿ ಹಾಕುವುದುಂಟು. ವಾರದ ಹಣ ಮನೆಗೇ ಬರುತ್ತದೆ ನಿಜ. ಆದರೆ ಭವಿಷ್ಯ ನಿಧಿ, ಪಿಂಚಣಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ. ಇಪ್ಪತ್ತು ವರ್ಷ ಕಟ್ಟಿದ ಸೊಸೆಗೆ ಮುಪ್ಪಿನಲ್ಲಿ ಒಂದು ಕಾಗದವೂ ಇರುವುದಿಲ್ಲ.

ಮನೆಯಲ್ಲಿ ಕಟ್ಟುವವರು ಉದ್ಯೋಗಿಗಳೇ ಅಲ್ಲ ಎಂಬ ವಾದ ಹಿಂದೆ ಇತ್ತು. 1966ರ ಬೀಡಿ ಕಾರ್ಮಿಕರ ಕಾಯ್ದೆ ಅವರನ್ನೂ ಉದ್ಯೋಗಿಗಳೆಂದಿತು. 1974ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಭವಿಷ್ಯ ನಿಧಿಯೂ ಅವರಿಗೆ ಸಲ್ಲಬೇಕೆಂದು 1985ರಲ್ಲಿ ತೀರ್ಪಾಯಿತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎಣಿಕೆಯ ಮೇಲೆ ಕೂಲಿ ಪಡೆಯುವವರಿಗೂ ಕನಿಷ್ಠ ಕೂಲಿ ಸಿಗಬೇಕು, ಕೂಲಿ ಚೀಟಿ ಕೊಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ.

1966ರ ಕಾಯ್ದೆಯನ್ನು ಕೇರಳ ಸರಕಾರ ಜಾರಿ ಮಾಡಹೊರಟಾಗ ಕಣ್ಣೂರು ಕಡೆಯ ಖಾಸಗಿ ಮಾಲಿಕರು ಕೆಲಸ ನಿಲ್ಲಿಸಿದರು. ಕೆಲಸ ಕಳೆದುಕೊಂಡವರಿಗಾಗಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಅಲ್ಲಿ ಎಲ್ಲರೂ ಒಂದೇ ಸೂರಿನಡಿ ಕೂತು ಕಟ್ಟುತ್ತಿದ್ದರು, ಒಬ್ಬರು ಪತ್ರಿಕೆ ಓದಿ ಹೇಳುತ್ತಿದ್ದರು. ಜೊತೆಗೆ ಕೂತವರಿಗೆ ಒಬ್ಬರ ಲೆಕ್ಕ ಒಬ್ಬರಿಗೆ ತಿಳಿಯುತ್ತದೆ. ಮನೆಯ ಜಗಲಿಯಲ್ಲಿ ಒಬ್ಬಳೇ ಕಟ್ಟುವವಳಿಗೆ ಆ ಬಲವಿಲ್ಲ. ಅವಳಿಗೆ ಬರವಣಿಗೆಯೇ ಬಲ.

ಹಾಗಾದರೆ ಏನು ಮಾಡಬೇಕು? ಮಕ್ಕಳ ಹಳೆಯ ನೋಟು ಪುಸ್ತಕದಲ್ಲಿ ಖಾಲಿ ಹಾಳೆ ಇದ್ದರೆ ಸಾಕು. ತಾರೀಕು, ಪಡೆದ ಎಲೆ ಮತ್ತು ಹೊಗೆಸೊಪ್ಪಿನ ತೂಕ, ಕೊಟ್ಟ ಬೀಡಿ, ತಿರಸ್ಕರಿಸಿದ್ದು, ಕೈಯಿಂದ ಕೊಂಡ ಎಲೆ, ಬಂದ ಹಣ, ಹೀಗೆ ಆರು ಸಾಲು ಎಳೆಯಿರಿ. ಅಂದಂದಿನದು ಅಂದೇ ಬರೆಯಿರಿ. ಶನಿವಾರ ಬ್ರಾಂಚಿನ ಪುಸ್ತಕದೊಂದಿಗೆ ತಾಳೆ ನೋಡಿರಿ. ಅಮ್ಮನಿಗೆ ಬರೆಯಲು ಬಾರದಿದ್ದರೆ ಮಗ ಬರೆಯಲಿ, ಅವಳ ಶ್ರಮವೆಷ್ಟೆಂದು ಅವನಿಗೂ ತಿಳಿಯಲಿ. ವ್ಯತ್ಯಾಸ ಕಂಡರೆ ಜಗಳ ಬೇಡ. ಪುಸ್ತಕ ತೋರಿಸಿ ಕೇಳಿರಿ, ನೆರೆಯ ನಾಲ್ಕು ಮಂದಿ ಜೊತೆಯಾಗಿ ಕೇಳಿರಿ.

ಇದು ಕೊಡುವವರಿಗೂ ಹೇಳುವ ಮಾತು. ನಮ್ಮ ಕುಟುಂಬಗಳಲ್ಲಿ ಹೊಲಿಗೆಗೆ, ಅಡಿಕೆ ಸುಲಿಯಲು ಎಣಿಕೆಯ ಮೇಲೆ, ತೂಕದ ಮೇಲೆ ಜನ ಇಟ್ಟುಕೊಂಡವರಿದ್ದಾರೆ. ನ್ಯಾಯವಾದ ಕೂಲಿ ದಾನವಲ್ಲ, ಸಾಲ ಎಂದು ತಿಳಿಯೋಣ. ಎಣಿಸುವಾಗ ಕೆಲಸದವರನ್ನು ಎದುರಿಗೆ ಕೂರಿಸಿ ಎಣಿಸೋಣ.