ಹಳೆಯ ಫಿಲಂ ನೋಡದೆ ಬರೆದ ವರದಿ

ಸ್ಕ್ಯಾನ್ ಕೇಂದ್ರಗಳು ವರದಿಯನ್ನು ನೇರವಾಗಿ ರೋಗಿಯ ವಾಟ್ಸಾಪ್‌ಗೆ ಕಳಿಸುವ ಪದ್ಧತಿ ಈಗ ಊರೂರಿಗೂ ಬಂದಿದೆ. ಅದರಲ್ಲಿ ತಪ್ಪೇನಿಲ್ಲ. ವರದಿ ರೋಗಿಯದು, ಅದನ್ನು ಓದುವ ಹಕ್ಕೂ ರೋಗಿಯದೇ. ಸಿಟ್ಟು ಬರುವುದು ಆ ವರದಿಯ ಕೊನೆಯ ನಾಲ್ಕು ಸಾಲು ಓದಿದಾಗ.

ದಾವಣಗೆರೆ ಕಡೆಯ ಶಿಕ್ಷಕಿಯೊಬ್ಬರ ಸಂಗತಿ ಈ ವಾರ ಕಿವಿಗೆ ಬಿತ್ತು. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಎಲ್ಲ ಮುಗಿಸಿ ಮತ್ತೆ ಶಾಲೆಗೆ ಹೋಗುತ್ತಿದ್ದವರು. ಕೆಮ್ಮು ಬಿಡಲಿಲ್ಲವೆಂದು ಎದೆಯ ಸಿ.ಟಿ. ಮಾಡಿಸಿದರು. ಶುಕ್ರವಾರ ಸಂಜೆ ಮೊಬೈಲಿಗೆ ವರದಿ ಬಂತು: ಬಲ ಶ್ವಾಸಕೋಶದಲ್ಲಿ 4 ಮಿ.ಮೀ. ಗಂಟು, ಮೆಟಾಸ್ಟಾಸಿಸ್ ಸಾಧ್ಯತೆ, ಹೋಲಿಸಿ ನೋಡಲು ಹಿಂದಿನ ಸ್ಕ್ಯಾನ್ ಲಭ್ಯವಿಲ್ಲ. ಮೆಟಾಸ್ಟಾಸಿಸ್ ಎಂದರೆ ಕ್ಯಾನ್ಸರ್ ಬೇರೆಡೆಗೆ ಹರಡುವುದು ಎಂದು ಆ ಮನೆಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೈಸೂರಿನಲ್ಲಿದ್ದ ಮಗಳು ರಾತ್ರಿ ಬಸ್ ಹತ್ತಿದಳು. ಶನಿವಾರ, ಭಾನುವಾರ ಆ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ.

ಸೋಮವಾರ ಕ್ಯಾನ್ಸರ್ ತಜ್ಞರು ಕೇಳಿದ ಮೊದಲ ಪ್ರಶ್ನೆ, "ಹಳೇ ಸಿ.ಡಿ. ಎಲ್ಲಿದೆ ಅಮ್ಮಾ?" ಎರಡು ವರ್ಷದ ಹಿಂದಿನ ಸಿ.ಡಿ. ಮನೆಯ ಬೀರುವಿನಲ್ಲೇ ಇತ್ತು. ತೆರೆದು ನೋಡಿದರೆ ಅದೇ ಜಾಗದಲ್ಲಿ ಅದೇ ಗಂಟು, ಅದೇ ಅಳತೆ. ಇಂಥ ಗಟ್ಟಿ ಗಂಟು ಎರಡು ವರ್ಷ ಬೆಳೆಯದೆ ಉಳಿದರೆ ಅದು ನಿರಪಾಯಕಾರಿ ಎಂದೇ ವೈದ್ಯರು ಸಾಮಾನ್ಯವಾಗಿ ತೀರ್ಮಾನಿಸುತ್ತಾರೆ. ಸ್ಕ್ಯಾನ್‌ಗೆ ಹೆಸರು ಬರೆಸಿದ ದಿನ ಹಳೆಯ ಸಿ.ಡಿ. ತನ್ನಿ ಎಂದು ಕೇಂದ್ರದವರು ಒಂದು ಮಾತು ಹೇಳಿದ್ದರೆ ಸಾಕಿತ್ತು.

1971ರಲ್ಲಿ ಲಂಡನ್‌ನ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಯಂತ್ರದಿಂದ ಮೊದಲ ರೋಗಿಯ ಸಿ.ಟಿ. ತೆಗೆದಾಗ ಅದು ನೋಡಿದ್ದು ತಲೆಯನ್ನು ಮಾತ್ರ, ಹುಡುಕಿದ್ದು ಮಿದುಳಿನ ಗಡ್ಡೆಯನ್ನು ಮಾತ್ರ. ಇಂದಿನ ಪೆಟ್-ಸಿ.ಟಿ. ತಲೆಯಿಂದ ತೊಡೆಯವರೆಗೆ ಎಲ್ಲವನ್ನೂ ತೋರಿಸುತ್ತದೆ. ಐವತ್ತು ದಾಟಿದವರ ಕಿಡ್ನಿಯಲ್ಲಿ ನೀರುಗುಳ್ಳೆ, ಲಿವರ್‌ನಲ್ಲಿ ರಕ್ತನಾಳಗಳ ನಿರಪಾಯ ಗಂಟು, ಅಡ್ರಿನಲ್ ಗ್ರಂಥಿಯಲ್ಲಿ ಸಣ್ಣ ಉಬ್ಬು ಕಾಣುವುದು ತೀರಾ ಸಾಮಾನ್ಯ. ಅಮೆರಿಕದಲ್ಲಿ ಸುಮಾರು 53,000 ಹಾಲಿ ಮತ್ತು ಮಾಜಿ ಧೂಮಪಾನಿಗಳು ಪಾಲ್ಗೊಂಡ ಶ್ವಾಸಕೋಶ ತಪಾಸಣಾ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಸಿ.ಟಿ.ಯಲ್ಲಿ ಅನುಮಾನ ಮೂಡಿಸಿದ ನೂರು ಫಲಿತಾಂಶಗಳಲ್ಲಿ 96 ಕ್ಯಾನ್ಸರ್ ಆಗಿರಲಿಲ್ಲ. ಬೀಡಿ ಸಿಗರೇಟು ಸೇದಿದವರ ಎದೆಯ ಕಥೆಯೇ ಇದು.

ಹಾಗೆಂದು ಕ್ಯಾನ್ಸರ್ ರೋಗಿಯ ಗಂಟನ್ನು ಉಳಿದವರ ಗಂಟಿನಂತೆ ತಳ್ಳಿಹಾಕುವಂತಿಲ್ಲ. ಶ್ವಾಸಕೋಶದ ಸಣ್ಣ ಗಂಟುಗಳಿಗೆ ಎದೆಯ ರೇಡಿಯಾಲಜಿ ತಜ್ಞರ ಸಂಘವಾದ ಫ್ಲೈಶ್ನರ್ ಸೊಸೈಟಿ 2017ರಲ್ಲಿ ಕೊಟ್ಟ ಮಾರ್ಗಸೂಚಿಯನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಆದರೆ ಈಗಾಗಲೇ ಕ್ಯಾನ್ಸರ್ ಇರುವವರಿಗೆ ಇದು ಅನ್ವಯಿಸದು ಎಂದು ಅದರಲ್ಲೇ ಬರೆದಿದೆ. ಕ್ಯಾನ್ಸರ್‌ಗೆಂದು ತೆಗೆದ ಸಿ.ಟಿ.ಯಲ್ಲಿ ಕೆಲವರಿಗೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಾಣುತ್ತದೆ. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೂ ಅದಕ್ಕೆ ತಡಮಾಡದೆ ಔಷಧ ಶುರುಮಾಡುವುದೇ ರೂಢಿ. ಪೆಟ್ ಸ್ಕ್ಯಾನ್‌ನಲ್ಲಿ ಥೈರಾಯ್ಡ್‌ನ ಒಂದೇ ಬಿಂದು ಹೊಳೆದರೆ, ಮೂರರಲ್ಲಿ ಒಂದರಷ್ಟು ಪ್ರಕರಣಗಳಲ್ಲಿ ಅದು ಕ್ಯಾನ್ಸರ್ ಆಗಿರುತ್ತದೆ. ಇಡೀ ಗ್ರಂಥಿ ಸಮನಾಗಿ ಹೊಳೆದರೆ ಹೆಚ್ಚಾಗಿ ಅದು ಥೈರಾಯ್ಡ್‌ನ ಉರಿಯೂತ ಮಾತ್ರ. ಒಂದೇ ಗ್ರಂಥಿ, ಎರಡು ಬಗೆಯ ಹೊಳಪು. ವರದಿಯಲ್ಲಿ ಬೇಕಾದದ್ದು ಈ ವಿವರ.

ಇನ್ನು ಹೊಳಪಿನ ವಿಷಯ. ಪೆಟ್ ಸ್ಕ್ಯಾನ್‌ಗೆ ಮುಂಚೆ ಕೊಡುವ ಚುಚ್ಚುಮದ್ದಿನಲ್ಲಿ ವಿಕಿರಣ ಸೂಸುವ ಸಕ್ಕರೆಯಂಥ ವಸ್ತು ಇರುತ್ತದೆ. ಎಲ್ಲಿ ಜೀವಕೋಶಗಳು ಸಕ್ಕರೆಯನ್ನು ಹೆಚ್ಚು ಬಳಸುತ್ತವೆಯೋ ಅಲ್ಲಿ ಹೊಳೆಯುತ್ತದೆ. ಕ್ಯಾನ್ಸರ್ ಹೊಳೆಯುತ್ತದೆ, ಸೋಂಕೂ ಹೊಳೆಯುತ್ತದೆ. ಕೀಮೋ ನಡುವೆ ಬಿಳಿ ರಕ್ತಕಣ ಹೆಚ್ಚಿಸಲು ಇಂಜೆಕ್ಷನ್ ಪಡೆದವರ ಮೂಳೆಮಜ್ಜೆಯೂ ಹೊಳೆಯುತ್ತದೆ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡವರ ಕಂಕುಳಿನ ದುಗ್ಧಗ್ರಂಥಿಗಳು ಹೊಳೆದು ಜಗತ್ತಿನಾದ್ಯಂತ ಗೊಂದಲ ಎಬ್ಬಿಸಿದ್ದವು. ನಮ್ಮ ದೇಶದಲ್ಲಿ ಇದಕ್ಕೆಲ್ಲ ಕ್ಷಯವೂ ಸೇರಿಕೊಳ್ಳುತ್ತದೆ. ಎದೆಯ ನಡುವಿನ ದುಗ್ಧಗ್ರಂಥಿಯಲ್ಲಿ ಟಿಬಿ ಇದ್ದರೆ ಅದೂ ಥೇಟ್ ಕ್ಯಾನ್ಸರ್‌ನಂತೆಯೇ ಹೊಳೆದೀತು. ಆ ಒಂದು ಹೊಳಪು ನೋಡಿ ರೋಗಿಯನ್ನು ನಾಲ್ಕನೇ ಹಂತಕ್ಕೆ ಸೇರಿಸಿ, ಆಪರೇಷನ್ ಆಗದು ಎಂದು ಕಳಿಸಿಬಿಟ್ಟರೆ ಗುಣವಾಗುವ ಅವಕಾಶವನ್ನೇ ಕಿತ್ತುಕೊಂಡಂತೆ. ಸೂಜಿ ಹಾಕಿ ಮಾದರಿ ತೆಗೆದು ಪರೀಕ್ಷಿಸದೆ ಅಂಥ ನಿರ್ಧಾರಕ್ಕೆ ಬರಬಾರದು. ಮನೆಯವರು ಇದನ್ನು ಧೈರ್ಯವಾಗಿ ಕೇಳಬೇಕು.

ಕಂಡದ್ದನ್ನೆಲ್ಲ ಬೆನ್ನುಹತ್ತುವುದಕ್ಕೂ ಬೆಲೆಯಿದೆ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತರಿಗೂ ಥೈರಾಯ್ಡ್ ಅಲ್ಟ್ರಾಸೌಂಡ್ ಮಾಡತೊಡಗಿದ ಮೇಲೆ, 1993ರಿಂದ 2011ರ ನಡುವೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ ಹದಿನೈದು ಪಟ್ಟು ಏರಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಸಾವಿರಾರು ಜನ ಗ್ರಂಥಿ ಕಳೆದುಕೊಂಡು ಮಾತ್ರೆಗೆ ಕಟ್ಟುಬಿದ್ದರು. ಮುಂದುವರಿದ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ನರಳುತ್ತಿರುವವರಲ್ಲಿ ಇಂಥ ಚಿಕ್ಕ ಥೈರಾಯ್ಡ್ ಗಂಟು ಕಂಡರೆ ಅದರ ಹಿಂದೆ ಹೋಗುವುದರಿಂದ ಅವರಿಗೆ ಏನು ಸಿಕ್ಕೀತು? ಇರುವ ದಿನಗಳು ಆಸ್ಪತ್ರೆಯ ಬೆಂಚಿನ ಮೇಲೆ ಕಳೆಯುತ್ತವೆ, ಅಷ್ಟೆ. ಇದನ್ನು ತೂಗಿ ನೋಡಬೇಕಾದವರು ಚಿಕಿತ್ಸೆ ಕೊಡುತ್ತಿರುವ ವೈದ್ಯರು. ಅವರಿಗೂ ಮೊದಲೇ ಮೊಬೈಲಿನಲ್ಲಿ ತೀರ್ಪು ಬಂದುಬಿಡುತ್ತಿದೆ.

ರೇಡಿಯಾಲಜಿಸ್ಟರ ಮೇಲೆ ಕೆಲಸದ ಹೊರೆ ಇರುವುದು ನಿಜ. ಆದರೆ ಎಷ್ಟೋ ಅನುಮಾನಗಳನ್ನು ಅವರು ಅಲ್ಲೇ ಪರಿಹರಿಸಬಲ್ಲರು. ಅಡ್ರಿನಲ್ ಗ್ರಂಥಿಯ ಉಬ್ಬನ್ನೇ ತೆಗೆದುಕೊಳ್ಳಿ. ಕಾಂಟ್ರಾಸ್ಟ್ ಇಲ್ಲದ ಸಿ.ಟಿ.ಯಲ್ಲಿ ಅದರ ಸಾಂದ್ರತೆ ಎಲ್ಲೆಡೆ ಒಂದೇ ತೆರನಾಗಿದ್ದು 10 ಹೌನ್ಸ್‌ಫೀಲ್ಡ್ ಯೂನಿಟ್ ಮೀರದಿದ್ದರೆ ಅದು ಕೊಬ್ಬು ತುಂಬಿದ ನಿರಪಾಯ ಗಂಟು. ಆ ಒಂದು ಸಂಖ್ಯೆ ಬರೆದರೆ ರೋಗಿಗೆ ಇನ್ನೊಂದು ಸ್ಕ್ಯಾನ್ ಖರ್ಚು ಉಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಹಳೆಯ ಚಿತ್ರದ ಪಕ್ಕ ಹೊಸ ಚಿತ್ರ ಇಟ್ಟು ನೋಡುವುದು. ಇದಕ್ಕೆ ಹೊಸ ಯಂತ್ರ ಬೇಡ, ವಿಕಿರಣ ಬೇಡ, ಸೂಜಿಯೂ ಬೇಡ. ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಬಂದ ಮೇಲೂ ಜಿಲ್ಲೆಗಳಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವ ಜನ ತಮ್ಮ ಫಿಲಂಗಳನ್ನು ಪ್ಲಾಸ್ಟಿಕ್ ಕವರಿನಲ್ಲೇ ಹಿಡಿದು ತರುತ್ತಾರೆ. ಆ ಕವರನ್ನು ಯಾರೂ ಎಸೆಯಬೇಡಿ. ಮೊದಲ ಸ್ಕ್ಯಾನ್‌ನಿಂದ ಹಿಡಿದು ಪ್ರತಿಯೊಂದು ಸಿ.ಡಿ.ಯನ್ನೂ ತಾರೀಕು ಬರೆದು ಜೋಪಾನ ಮಾಡಿ, ಪ್ರತಿ ಸಲವೂ ಸ್ಕ್ಯಾನ್ ಕೇಂದ್ರದ ಕೌಂಟರಿನಲ್ಲಿ ಇಟ್ಟು "ಇದನ್ನು ನೋಡಿಯೇ ಬರೆಯಿರಿ" ಎಂದು ಹೇಳಿ. ಕ್ಯಾನ್ಸರ್ ರೋಗಿಯ ಹಳೆಯ ಸ್ಕ್ಯಾನ್ ಕೇಳದೆಯೇ ‘ಹರಡಿರುವ ಸಾಧ್ಯತೆ’ ಎಂದು ಬರೆದದ್ದು ಅರ್ಧ ವರದಿ. ಅದಕ್ಕೆ ಪೂರ್ತಿ ದುಡ್ಡು ತೆಗೆದುಕೊಳ್ಳುವುದು ಅನ್ಯಾಯ.