ಪೋಕರ್ ತಲೆ ಆಟವಂತೆ, ಲೆಕ್ಕ ನೋಡಿ

ಗೋವಾದ ಮಾಂಡೋವಿ ನದಿಯ ಕ್ಯಾಸಿನೋ ಹಡಗಿಗೆ ಪೋಕರ್ ಟೂರ್ನಿ ಆಡಲು ಹೊರಟವರದು ಒಂದೇ ಮಾತು: "ಇದು ಜೂಜಲ್ಲ, ತಲೆ ಆಟ."

ಒಪ್ಪೋಣ. ಅಂದರ್-ಬಾಹರ್‌ನಲ್ಲಾದರೆ ಬರೀ ಅದೃಷ್ಟ, ಹೊಸಬನೂ ಹಳಬನೂ ಒಂದೇ. ಪೋಕರ್‌ಗೆ ತಲೆ ಬೇಕು. ಅಪಾಯ ಇರೋದೂ ಅಲ್ಲೇ. ವರ್ಷವಿಡೀ ಇದನ್ನೇ ಆಡಿ ಪಳಗಿದವರ ಎದುರು, ವರ್ಷಕ್ಕೊಮ್ಮೆ ಟ್ರಿಪ್ ಹೋಗುವ ನೀವು ಕೂರುತ್ತೀರಿ.

ಲಾಸ್ ವೇಗಾಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ನೋಡಿ. 2023ರ ಮುಖ್ಯ ಪಂದ್ಯಕ್ಕೆ 10,043 ಜನ ತಲಾ 10,000 ಡಾಲರ್ ಕಟ್ಟಿದರು. ಅದರಲ್ಲಿ 700 ಡಾಲರ್ ಬಹುಮಾನದ ಗಂಟಿಗೇ ಸೇರಲಿಲ್ಲ, ಎಲೆ ಹಂಚುವ ಮೊದಲೇ ಮುರಿದುಕೊಂಡರು. ದುಡ್ಡು ಕಂಡವರು 1,507 ಜನ. ಉಳಿದ 8,536 ಜನ ಬರಿಗೈ. ಗೆದ್ದವನ ಫೋಟೊ ನಿಮ್ಮ ಫೋನಿಗೆ ಬರುತ್ತೆ, ಸೋತವರದ್ದು ಯಾರು ಕಳಿಸ್ತಾರೆ?

ಎಷ್ಟೋ ಟೂರ್ನಿಗಳಲ್ಲಿ ಸೋತವನು ಮತ್ತೆ ದುಡ್ಡು ಕಟ್ಟಿ ಕೂರಬಹುದು. ಅದು ಗಾಳಕ್ಕೆ ಸಿಕ್ಕಿಸಿದ ಎರಡನೇ ಹುಳ.

ಆನ್‌ಲೈನ್ ಹಣದಾಟಕ್ಕೆ ಕೇಂದ್ರ ಸರ್ಕಾರ 2025ರಲ್ಲಿ ಕಾನೂನು ತಂದು ಬೀಗ ಹಾಕಿತು. ಹಡಗಿನ ಬಾಗಿಲು ತೆರೆದೇ ಇದೆ. ಗೋವಾಕ್ಕೆ ಹೋಗಿ, ಸಮುದ್ರ ನೋಡಿ, ಮೀನೂಟ ಮಾಡಿ. ಕಬ್ಬಿನ ಬಿಲ್ಲಿನ ದುಡ್ಡು ಮಾತ್ರ ಮನೆಯಲ್ಲೇ ಇರಲಿ.