ಕಿವಿಯಲ್ಲೇ ಟೈಮಿಂಗ್ ಇಡೋರಿಗೆ ದೊಡ್ಡ ನಮಸ್ಕಾರ

ಕೊಳ್ಳೇಗಾಲ, ಹನೂರು, ಯಳಂದೂರು... ಹಳೇ ಜಾವಾನ ಎಲ್ಲೇ ಬಿಟ್ರೂ ಮೆಕ್ಯಾನಿಕ್‌ಗಳದ್ದು ಒಂದೇ ಮಾತು: "ಸೌಂಡ್ ಕೇಳೇ ಟೈಮಿಂಗ್ ಇಡ್ತೀನಿ ಸಾರ್." ಹಂಗೆ ಇಟ್ಟಿದ್ದಕ್ಕೇ ತಾಳಬೆಟ್ಟ ದಾಟಿ ಮಾದಪ್ಪನ ಬೆಟ್ಟದ ತಿರುವಲ್ಲಿ ನನ್ನ ಪಿಸ್ಟನ್ ಸೀಜ್ ಆಗಿದ್ದು! ಅಡ್ವಾನ್ಸ್ ಜಾಸ್ತಿಯಾದ್ರೆ ಊರೊಳಗೆ ಗಾಡಿ ಚುರುಕು ಅನ್ಸುತ್ತೆ, ಏರಿನಲ್ಲಿ ಟಣಟಣ ಬಡಿದು ಇಂಜಿನ್ ಕಾದುಹೋಗುತ್ತೆ. ಅಂಗಡಿ ಮುಂದೆ ನಿಂತ ಕಿವಿಗೆ ಅದು ಗೊತ್ತಾಗೋಲ್ಲ ಸ್ವಾಮಿ.

ಮೊದಲು ಪಾಯಿಂಟ್ ಗ್ಯಾಪ್, 0.4 ಮಿ.ಮೀ. ಆಮೇಲೆ ಪ್ಲಗ್ ತೂತಿಂದ ಪಿಸ್ಟನ್ ಎತ್ತರ ಅಳೆದು, ಪಾಯಿಂಟ್ ಬಿಡೋ ಕ್ಷಣಾನ ಬಲ್ಬ್ ಕಟ್ಟಿ ನೋಡಬೇಕು. ಉಲ್ಟಾ ಮಾಡಿದ್ರೆ ಗ್ಯಾಪ್ ಜೊತೆ ಟೈಮಿಂಗೂ ಜಾರುತ್ತೆ. ಇಷ್ಟೇ ಕೆಲಸ! ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಪಿಸ್ಟನ್ ಹುಡುಕ್ಕೊಂಡು ಅಲೆಯೋನು ನಾನು, ಅವರಲ್ಲ.

ನಿಮ್ಮೂರಲ್ಲಿ ಗೇಜ್ ಹಿಡಿಯೋ ಮೆಕ್ಯಾನಿಕ್ ಯಾರಾದ್ರೂ ಇದ್ದಾರಾ?